ಇಪ್ಪತ್ತು ಸೆಂಟಿನ ಜಗಳದಲ್ಲಿ ಯಾರು ಮಾತಾಡಬೇಕಿತ್ತು?

ನಾನು ಸರ್ವೆ ಕೆಲಸದಲ್ಲಿ ಮೂವತ್ತು ವರ್ಷ ಸರಪಳಿ ಹಿಡಿದವನು. ನಿವೃತ್ತಿಯಾದ ಮೇಲೂ ಕೊಡಗಿನ ಸೋಮವಾರಪೇಟೆ ಕಡೆಯ ಊರುಗಳಲ್ಲಿ ಗಡಿ ಜಗಳ ಎದ್ದರೆ "ಸರ್ವೇಯರ್ ಸಾರ್‌ನ ಒಂದ್ಸಲ ಕರೀರಿ" ಅನ್ನುತ್ತಾರೆ. ಹೋಗುತ್ತೇನೆ. ಕಾಫಿ ಕೊಡುತ್ತಾರೆ, ಕೂತು ಮಾತಾಡುತ್ತೇವೆ. ಬಹಳ ಸಲ ಬಗೆಹರಿಯುತ್ತದೆ. ಕೆಲವು ಸಲ ನಾನು ಹೋದದ್ದರಿಂದಲೇ ಜಾಸ್ತಿಯಾಗುತ್ತದೆ. ಈ ಪ್ರಕರಣ ಆ ಎರಡನೆಯ ಥರದ್ದಾಗಿ ಶುರುವಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಊರಿನ ಹೆಸರು ಹೇಳುವುದಿಲ್ಲ. ವಯಸ್ಸು, ಕೆಲಸ, ಸಂಬಂಧ ಅಲ್ಲಲ್ಲಿ ಬದಲಿಸಿದ್ದೇನೆ. ಎರಡೂ ಮನೆಯವರನ್ನು ಕೇಳಿಯೇ ಬರೆದದ್ದು. ಅಜ್ಜಿ ಮಾತ್ರ ಒಂದು ಷರತ್ತು ಹಾಕಿದರು: "ನನ್ನ ಜಾಣೆ ಅಂತ ಬರೀಬೇಡಿ." ಬರೆದಿಲ್ಲ.

ಹಿನ್ನೆಲೆ

ಶಾಂತಳ್ಳಿ ಕಡೆಯ ಒಂದು ಇಳಿಜಾರು ಅಂದುಕೊಳ್ಳಿ. ಪುಷ್ಪಗಿರಿ ಸಾಲಿಗೆ ಹತ್ತಿರ, ಮಳೆ ವಿಪರೀತ, ತೋಟ ಬಹುಪಾಲು ಅರೇಬಿಕಾ ಕಾಫಿ. ಮೇಲೊಂದು ಮನೆ, 7 ಎಕರೆ. ಕೆಳಗೊಂದು ಮನೆ, 4 ಎಕರೆ ಚಿಲ್ಲರೆ. ನಡುವೆ 290 ಅಡಿ ಉದ್ದದ ಬೇಲಿ. ಬೇಲಿಯ ಒಂದು ತುದಿಗೆ ಬಾಂದು ಕಲ್ಲು, ಅಂದರೆ ಗಡಿ ಗುರುತಿನ ಕಲ್ಲು. ಇನ್ನೊಂದು ತುದಿ ತೋಡಿಗೆ (ಸಣ್ಣ ಹಳ್ಳಕ್ಕೆ) ಸೇರುತ್ತದೆ, ಅಲ್ಲಿ ಕಲ್ಲಿಲ್ಲ.

ಮೇಲಿನ ಮನೆಯ ಯಜಮಾನರು ಸೈನ್ಯದಿಂದ ಬಂದವರು, ಊರಿಗೆಲ್ಲ ಸುಬೇದಾರರು. ಅರುವತ್ತೆಂಟು ವಯಸ್ಸು, ಮಾತು ಕಮ್ಮಿ. ತೋಟ ನೋಡಿಕೊಳ್ಳುವುದು ಈಗ ಅಳಿಯ. ಕೆಳಗಿನ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ, ಅವರ ಮಗ, ಸೊಸೆ, ಬೆಂಗಳೂರಿನ ಕೆಲಸ ಬಿಟ್ಟು ಬಂದ ಮೊಮ್ಮಗ. ಅಜ್ಜಿಯ ಗಂಡ 1998ರಲ್ಲಿ ತೀರಿಕೊಂಡರು. ಸುಬೇದಾರರ ತಂದೆ ಅದಕ್ಕೂ ಮೊದಲೇ ಹೋಗಿದ್ದರು. ಆ ಇಬ್ಬರು ಹಿರಿಯರ ಕಾಲದಲ್ಲಿ ಎರಡು ಮನೆಗೂ ಒಂದೇ ಮನೆಯಷ್ಟು ಬಳಕೆ. ಮೇಲಿನ ಮನೆಗೆ ಹೋಗುವ ಜೀಪ್ ರಸ್ತೆ ಕೆಳಗಿನ ಮನೆಯ ತೋಟದ ಅಂಚಿನಲ್ಲೇ ಹಾದು ಹೋಗುತ್ತದೆ. ಈ ರಸ್ತೆಯನ್ನು ನೆನಪಿಡಿ. ನಾನು ಮೊದಲ ಎರಡು ತಿಂಗಳು ನೆನಪಿಡಲಿಲ್ಲ.

ಜಗಳ ಎದ್ದದ್ದು

ಇಷ್ಟು ವರ್ಷ ಇಲ್ಲದ ಜಗಳ ಈಗ ಯಾಕೆ ಬಂತು? ದರ. 2025ರ ಆರಂಭದಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ) 50 ಕೆಜಿ ಚೀಲಕ್ಕೆ 20,000 ರೂಪಾಯಿ ದಾಟಿತ್ತು. ಕರಿಮೆಣಸು ಕೆಜಿಗೆ 600ರ ಮೇಲಿತ್ತು. ನಾಲ್ಕು ಗಿಡ ಆಚೆ ಈಚೆ ಆದರೆ ಯಾರೂ ಕೇಳದಿದ್ದ ಕಾಲ ಮುಗಿದಿತ್ತು.

ಅಳಿಯ ಒಂದು ಬೆಳಿಗ್ಗೆ ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆದು ಬೇಲಿಯ ಪಕ್ಕ ನಿಂತರು. ಸರ್ವೆ ನಂಬರಿನ ಗೆರೆ ಬೇಲಿಗಿಂತ ಕೆಳಗೆ ಕಾಣಿಸಿತು. ಬೇಲಿಯಿಂದ ಸುಮಾರು 30 ಅಡಿ ಕೆಳಗೆ. ಅಂದರೆ 20 ಸೆಂಟು ಜಾಗ, ಎಕರೆಯ ಐದನೇ ಒಂದು ಪಾಲು. ಅದರಲ್ಲಿ 14 ಸಿಲ್ವರ್ ಓಕ್ ಮರ, ಒಂದೊಂದಕ್ಕೂ ತುದಿವರೆಗೆ ಹಬ್ಬಿದ ಮೆಣಸಿನ ಬಳ್ಳಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ದಿಶಾಂಕ್ ನೀವು ನಿಂತ ಜಾಗ ಯಾವ ಸರ್ವೆ ನಂಬರು ಅಂತ ತಿಳಿಯಲು ಒಳ್ಳೆಯದು. ಗಡಿ ಅಳೆಯಲು ಅಲ್ಲ. ಮರದ ನೆರಳಲ್ಲಿ, ಗುಡ್ಡದ ಮಗ್ಗುಲಲ್ಲಿ, ಫೋನಿನ ಜಿಪಿಎಸ್ ಐದು-ಹತ್ತು ಮೀಟರ್ ಸುಲಭವಾಗಿ ತಪ್ಪುತ್ತದೆ. ಜಗಳದ ಜಾಗದ ಅಗಲವೇ 9 ಮೀಟರ್! ಆದರೂ ಈ ಸಲ ಫೋನು ಹೆಚ್ಚು ತಪ್ಪಿರಲಿಲ್ಲ. ಅದು ಆಮೇಲೆ ಗೊತ್ತಾದದ್ದು.

ಮೊದಲ ಸಭೆ, ನನ್ನ ಬಾಯಿ

ಜನವರಿಯಲ್ಲಿ ಕೆಳಗಿನ ಮನೆಯ ಕಣದಲ್ಲಿ ಸೇರಿದೆವು. ಕಾಫಿ ಒಣಗುತ್ತಿತ್ತು. ಎರಡೂ ಮನೆಯವರು, ಊರಿನ ನಾಲ್ಕು ಹಿರಿಯರು, ಸುಮ್ಮನೆ ನೋಡಲು ಬಂದ ಒಂದಿಷ್ಟು ಜನ. ಅಜ್ಜಿ ಜಗಲಿಯ ಮೂಲೆಯಲ್ಲಿ ಮಣೆ ಹಾಕಿಕೊಂಡು ಕೂತಿದ್ದರು. ಯಾರೂ ಅವರನ್ನು ಮಾತಾಡಿಸಲಿಲ್ಲ. ನಾನೂ ಮಾತಾಡಿಸಲಿಲ್ಲ.

ಅಲ್ಲಿಂದ ಎಲ್ಲರೂ ಕಲ್ಲಿನ ಹತ್ತಿರ ಹತ್ತಿದೆವು. ನಾನು ಕೂತು ಅದರ ಪಾಚಿ ಕೆರೆದು ನೋಡಿದೆ. ಬಹಳ ಕಾಲ ಮಣ್ಣಲ್ಲಿ ಹೂತಿದ್ದ ಕಲ್ಲಿಗೆ ಮಣ್ಣಿನ ಮಟ್ಟದಲ್ಲಿ ಒಂದು ಗೆರೆ ಬೀಳುತ್ತದೆ. ಗೆರೆಯ ಕೆಳಗೆ ಬಣ್ಣ ಬೇರೆ, ಮೇಲೆ ಬಣ್ಣ ಬೇರೆ. ಈ ಕಲ್ಲಿನಲ್ಲಿ ಆ ಗೆರೆ ನೆಲದಿಂದ ಒಂದು ಗೇಣು ಮೇಲಿತ್ತು. ಅಂದರೆ ಮೊದಲು ಬೇರೆಲ್ಲೋ ಆಳವಾಗಿ ಹೂತಿದ್ದ ಕಲ್ಲು, ಆಮೇಲೆ ಕಿತ್ತು ಇಲ್ಲಿ ನೆಟ್ಟಿದ್ದು.

ಅಳಿಯ ಕೇಳಿದರು. "ಸಾರ್, ನಿಮ್ಮ ಅನುಭವದಲ್ಲಿ ಏನನ್ಸುತ್ತೆ?"

ಹದಿನೈದು ಜನ ನನ್ನನ್ನೇ ನೋಡುತ್ತಿದ್ದರು. ಮೂವತ್ತು ವರ್ಷದ ಅನುಭವಕ್ಕೆ ಅಷ್ಟು ಜನರ ಕಿವಿ ಸಿಗುವುದು ಅಪರೂಪ. ನಾನು ಎದ್ದು ಕೈ ಒರೆಸಿಕೊಂಡು ಹೇಳಿದೆ. "ಈ ಕಲ್ಲು ಮೊದಲು ಇಲ್ಲಿರಲಿಲ್ಲ."

ಹೇಳಿದ್ದು ಸುಳ್ಳಲ್ಲ. ಅದೇ ತೊಂದರೆ. ಸುಳ್ಳಾಗಿದ್ದರೆ ಯಾರಾದರೂ ತಿದ್ದುತ್ತಿದ್ದರು. ನಿಜವನ್ನು ತಿದ್ದುವವರು ಯಾರು? ಆದರೆ ನನಗೆ ಗೊತ್ತಿದ್ದದ್ದು ಅರ್ಧ. ಕಲ್ಲು ಸರಿದಿದೆ ಅಂತ ಗೊತ್ತು. ಯಾರು ಸರಿಸಿದರು, ಯಾಕೆ, ಯಾರಿಗೆ ಹೇಳಿ, ಒಂದೂ ಗೊತ್ತಿಲ್ಲ. ಅಲ್ಲಿದ್ದವರ ಕಿವಿಗೆ ಬಿದ್ದದ್ದು ಮಾತ್ರ ಒಂದೇ: ಕೆಳಗಿನ ಮನೆಯವರು ಕಳ್ಳರು. ನಾನು ಆ ಪದ ಬಳಸಲಿಲ್ಲ. ಬಳಸಬೇಕಾಗಿಯೂ ಇರಲಿಲ್ಲ.

ಅಜ್ಜಿಯ ಮಗ ಏನೂ ಹೇಳದೆ ಕಣಕ್ಕೆ ಇಳಿದು ಹೋದರು. ಗೋರುಮಣೆ ತೆಗೆದುಕೊಂಡು ಕಾಫಿ ಎಳೆಯತೊಡಗಿದರು. ಒಂದು ಸಲ ಎಳೆದು ಮುಗಿಸಿದ್ದನ್ನೇ ಮತ್ತೆ ಎಳೆದರು. ಮೂರನೆಯ ಸಲವೂ ಎಳೆದರು. ಆ ಸದ್ದು ಮೇಲಿನವರೆಗೂ ಕೇಳುತ್ತಿತ್ತು.

ಮೂರು ದಿನ ಬಿಟ್ಟು ರಾತ್ರಿ ಬೇಲಿಯ 40 ಅಡಿ ಕಿತ್ತುಹೋಗಿತ್ತು. ಎರಡು ಮೆಣಸಿನ ಬಳ್ಳಿಯ ಬುಡ ಕತ್ತರಿಸಿದ್ದರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ, ನಾನು ಕೇಳಲೂ ಇಲ್ಲ. ಎರಡೂ ಕಡೆಯವರು ಪೊಲೀಸಿಗೆ ಅರ್ಜಿ ಕೊಟ್ಟರು. ಮನೆಮನೆಯಲ್ಲಿ ಕೋವಿ ಇರುವ ಜಿಲ್ಲೆ ನಮ್ಮದು. ಬೇಲಿ ಜಗಳವನ್ನು ಹಗುರವಾಗಿ ತೆಗೆದುಕೊಳ್ಳಲು ಬರುವುದಿಲ್ಲ.

ಒಂದು ನಿಮಿಷ ನಲವತ್ತು ಸೆಕೆಂಡು

ಮೊಮ್ಮಗನಿಗೆ ಸಿಟ್ಟು ಬಂದದ್ದು ಸಹಜ. ಅವನು ಮಾಡಿದ್ದು ಇಷ್ಟು: ಊರಿನ ವಾಟ್ಸಾಪ್ ಗುಂಪಿಗೆ ಒಂದು ಧ್ವನಿ ಸಂದೇಶ ಹಾಕಿದ. ಉದ್ದ ಒಂದು ನಿಮಿಷ ನಲವತ್ತು ಸೆಕೆಂಡು. ಅದರಲ್ಲಿ ಬೈಗುಳ ಬಿಟ್ಟರೆ ಉಳಿಯುವುದು ಎರಡೇ ಮಾತು.

"ಜಾಗ ನಮ್ಮ ಕೈಯಲ್ಲಿ ನಲವತ್ತು ವರ್ಷದಿಂದ ಇದೆ. ಹನ್ನೆರಡು ವರ್ಷ ದಾಟಿದ್ರೆ ಮುಗೀತು, ಅವರದೇ ಆಗಿದ್ರೂ ಇನ್ನು ಕೇಳೋಕೆ ಬರಲ್ಲ. ನಮ್ಮ ತಾತ ಏನು ಕದ್ದು ಹಾಕಿದ್ದಲ್ಲ, ಅವರ ತಾತನ್ನ ಕೇಳಿಯೇ ಹಾಕಿದ್ದು."

ಯಾರೋ ಗೆಳೆಯ ಹೇಳಿದ ಅರ್ಧ ಕಾನೂನು. ಪೂರ್ತಿ ಕಾನೂನು ಹೀಗಿದೆ. 1963ರ ಕಾಲಮಿತಿ ಕಾಯ್ದೆಯ 65ನೆಯ ಅನುಚ್ಛೇದದಂತೆ, ಒಬ್ಬರ ಜಾಗವನ್ನು ಇನ್ನೊಬ್ಬರು ಬಹಿರಂಗವಾಗಿ, ಮಾಲೀಕನಿಗೆ ಎದುರಾಗಿ, ಬಿಡದೆ 12 ವರ್ಷ ಅನುಭವಿಸಿದರೆ ಮಾಲೀಕ ಹಕ್ಕು ಕಳೆದುಕೊಳ್ಳಬಹುದು. ಸುಮ್ಮನೆ ಕೂತ ಮಾಲೀಕನ ಮೌನಕ್ಕೆ ಕಾನೂನು ಕಟ್ಟಿದ ಬೆಲೆ ಇದು. ಆದರೆ ಇದಕ್ಕೆ ಎರಡು ಬಾಗಿಲುಗಳಿವೆ. ಈ ವಾದ ಹೂಡುವವನು ಜಾಗ ಮೂಲದಲ್ಲಿ ಎದುರಿನವನದು ಅಂತ ಒಪ್ಪಿಕೊಂಡ ಹಾಗೆಯೇ. ಎರಡನೆಯದು, ಮಾಲೀಕನನ್ನು ಕೇಳಿ ಕೂತಿದ್ದರೆ ಅದು ಎದುರಾಗಿ ಕೂತದ್ದಲ್ಲ. ಆಗ ನೂರು ವರ್ಷವಾದರೂ ಲೆಕ್ಕಕ್ಕೆ ಬರುವುದಿಲ್ಲ.

ಹುಡುಗ ಎರಡು ಬಾಗಿಲನ್ನೂ ಒಂದೇ ಉಸಿರಿಗೆ ಹಾಕಿಕೊಂಡಿದ್ದ. ಮೊದಲನೆಯ ಮಾತಿನಲ್ಲಿ ಜಾಗ ಅವರದು ಅಂದ. ಎರಡನೆಯ ಮಾತಿನಲ್ಲಿ ಕೇಳಿ ಹಾಕಿದ್ದು ಅಂದ. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಸುಮ್ನೆ ಹೇಳಿಲ್ಲ. ಎರಡು ವಾರದಲ್ಲಿ ವಕೀಲರ ನೋಟಿಸು ಬಂತು. ಅದರಲ್ಲಿ ಆ ಸಂದೇಶದ ಅಕ್ಷರ ಅಕ್ಷರ ಇತ್ತು.

ಕೋರ್ಟಿನ ಮಧ್ಯಸ್ಥಿಕೆ ಕೇಂದ್ರದಲ್ಲಿ ಕೂತು ಆಡಿದ ಮಾತನ್ನು ಆಮೇಲೆ ಸಾಕ್ಷಿಯಾಗಿ ಬಳಸುವಂತಿಲ್ಲ. ಅಲ್ಲಿ ಜನ ಸ್ವಲ್ಪ ಧಾರಾಳವಾಗಿ ಮಾತಾಡಬಹುದು. ಊರಿನ ಅಂಗಳಕ್ಕೆ ಆ ರಕ್ಷಣೆ ಇಲ್ಲ, ವಾಟ್ಸಾಪಿಗಂತೂ ಮೊದಲೇ ಇಲ್ಲ. ಈ ಪ್ರಕರಣದ ನಂತರ ನಾನು ಒಂದು ರೂಢಿ ಮಾಡಿಕೊಂಡಿದ್ದೇನೆ. ಕೂರುವ ಮೊದಲು ಎಲ್ಲರ ಫೋನನ್ನೂ ಒಂದು ಮೊರಕ್ಕೆ ಹಾಕಿಸಿ ಒಳಗಿಡಿಸುತ್ತೇನೆ. ನನ್ನದೂ ಅದರಲ್ಲೇ. ಮೊದಲ ಸಲ ಜನ ನಗುತ್ತಾರೆ, ಆಮೇಲೆ ಕೊಡುತ್ತಾರೆ.

ಹುಡುಗನ ದಡ್ಡತನವನ್ನು ಊರೆಲ್ಲ ಆಡಿಕೊಂಡಿತು. ನನಗೆ ಆಡಿಕೊಳ್ಳುವ ಮುಖ ಇರಲಿಲ್ಲ. ಬೆಂಕಿ ಹಚ್ಚಿದ್ದು ನಾನು, ಅವನು ಬರೀ ಊದಿದ. ಆ ಸಂದೇಶವನ್ನು ಮನೆಯಲ್ಲಿ ಮತ್ತೆ ಮತ್ತೆ ಕೇಳಿದೆ. ಮೂರನೆಯ ಸಲ ಕೇಳುವಾಗ ಒಂದು ಪದ ಕಿವಿಗೆ ತಾಗಿತು. "ಕೇಳಿಯೇ." ಅಂದರೆ ಆ ಒಪ್ಪಿಗೆಯ ಕಥೆ ಎಲ್ಲೋ ಅವನ ಕಿವಿಗೆ ಬಿದ್ದಿದೆ. ತಾತನನ್ನು ಅವನು ನೋಡಿಯೇ ಇಲ್ಲ. ಹಾಗಾದರೆ ಹೇಳಿದವರು ಯಾರು?

ಅಜ್ಜಿ

ಫೆಬ್ರವರಿಯಲ್ಲಿ ಹೋದೆ. ಪ್ರಶ್ನೆ ಕೇಳಿದೆ. ಕಲ್ಲು ಯಾವಾಗ ಸರಿಸಿದ್ದು ಅಜ್ಜಿ? ಯಾರಿದ್ದರು? ಕಾಗದ ಏನಾದರೂ ಇದೆಯಾ? ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡು, "ವಯಸ್ಸಾಯ್ತು ಸಾರ್, ಏನೂ ನೆನಪಿಲ್ಲ" ಅಂದರು. ಸೊಸೆಯೂ ಪಕ್ಕದಿಂದ, "ಅವರಿಗೆ ಈಗ ಮರೆವು ಜಾಸ್ತಿ" ಅಂದರು. ನಾನು ನಂಬಿದೆ. ಬರುವಾಗ ದಾರಿಯಲ್ಲಿ ಒಂದು ವಿಷಯ ಕುಟುಕಿತು. ನನ್ನ ಚೀಲ ಎಲ್ಲಿಟ್ಟಿದ್ದೆ ಅಂತ ನಾನೇ ಮರೆತಿದ್ದೆ. ತೋರಿಸಿಕೊಟ್ಟವರು ಅಜ್ಜಿ.

ಮಾರ್ಚಿನಲ್ಲಿ ಮತ್ತೆ ಹೋದೆ. ಕಾಫಿ ಹೂವರಳಿಸುವ ಹೂಮಳೆ ಬಿದ್ದು ನಾಲ್ಕೈದು ದಿನವಾಗಿತ್ತು. ಮಗ ತೋಟದಲ್ಲಿದ್ದರು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಜ್ಜಿ ಅಂಗಳದಲ್ಲಿ ಮೊರ ಹಿಡಿದು ಒಣಗಿದ ಮೆಣಸು ಕೇರುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಕಡ್ಡಿ ಆರಿಸತೊಡಗಿದೆ. ಏನೂ ಕೇಳಬಾರದು ಅಂತ ತೀರ್ಮಾನ ಮಾಡಿಕೊಂಡೇ ಹೋಗಿದ್ದೆ. ಹೇಳಿದಷ್ಟು ಸುಲಭವಲ್ಲ ಅದು. ಹತ್ತು ನಿಮಿಷಕ್ಕೊಂದು ಪ್ರಶ್ನೆ ನಾಲಿಗೆ ತುದಿಗೆ ಬರುತ್ತಿತ್ತು. ಮೊರ ಮೇಲೆ ಹೋಗುತ್ತಿತ್ತು, ಕೆಳಗೆ ಬರುತ್ತಿತ್ತು. ಹೊಟ್ಟು ಹಾರಿ ನನ್ನ ಅಂಗಿಯ ಮೇಲೆ ಬೀಳುತ್ತಿತ್ತು. ಒಂದು ಗಂಟೆಯ ಮೇಲಾಯಿತು.

"ಇವತ್ತು ನೀವೇನೂ ಕೇಳ್ಲಿಲ್ಲ" ಅಂದರು. "ಅದಕ್ಕೆ ಹೇಳ್ತೀನಿ."

1981ರ ಮಳೆಗಾಲದಲ್ಲಿ ಮೇಲಿನ ಮನೆಯ ಹಳೆ ಗಾಡಿ ದಾರಿ ತೋಡಿನ ಕಡೆಗೆ ಕುಸಿಯಿತು. ಮತ್ತೆ ಅಲ್ಲೇ ದಾರಿ ಮಾಡಲು ಬರುವಂತಿರಲಿಲ್ಲ. ಆಗ ಇಬ್ಬರು ಹಿರಿಯರು ಒಂದು ಮಾತಿಗೆ ಬಂದರು. ಕೆಳಗಿನ ಮನೆಯ ತೋಟದ ಅಂಚಿನಲ್ಲಿ ಜೀಪ್ ರಸ್ತೆಗೆ ಜಾಗ ಕೊಡುವುದು. ಅದರ ಬದಲಿಗೆ ಮೇಲಿನ ಮನೆಯವರು ಗಡಿಯ ಪಟ್ಟಿಯನ್ನು, ಅಂದರೆ ಈಗ ಜಗಳ ಎದ್ದಿರುವ ಜಾಗವನ್ನು, ಬಿಡುವುದು. ಇಬ್ಬರೂ ಸೇರಿಯೇ ಕಲ್ಲು ಕಿತ್ತು ಮೇಲೆ ನೆಟ್ಟರು. ಕಾಗದ ಇಲ್ಲ, ಸಾಕ್ಷಿ ಇಲ್ಲ. ಹಳೆ ಗುಂಡಿ ಮುಚ್ಚುವ ಮೊದಲು ಸುಬೇದಾರರ ತಂದೆ, "ನಾಳೆ ಯಾರಾದ್ರೂ ಕೇಳಿದ್ರೆ ಗೊತ್ತಾಗ್ಲಿ, ಇದ್ದಿಲು ಹಾಕಿ" ಅಂದರಂತೆ. ಇದ್ದಿಲು ಮಣ್ಣಲ್ಲಿ ಕೊಳೆಯುವುದಿಲ್ಲ. ಗಡಿಯ ಗುರುತಿಗೆ ಅದನ್ನು ಹೂಳುವುದು ಬಹಳ ಹಳೆಯ ರೂಢಿ.

"ನಮ್ಮ ಒಲೆಯದ್ದೇ ಇದ್ದಿಲು" ಅಂದರು ಅಜ್ಜಿ. "ನಾನೇ ಬುಟ್ಟೀಲಿ ಹೊತ್ಕೊಂಡು ಹೋದೆ."

ನಾನು ಆಗ ಕೇಳಿದೆ. ಜನವರಿಯ ಸಭೆಯಲ್ಲಿ ಇದನ್ನು ಯಾಕೆ ಹೇಳಲಿಲ್ಲ?

"ಹೇಳಿದ್ರೆ ಜಾಗ ಅವರದು ಅನ್ನೋದನ್ನ ಎಲ್ರೂ ನಂಬೋರು. ರಸ್ತೆ ನಮ್ಮದು ಅನ್ನೋದನ್ನ ಯಾರು ನಂಬೋರು? ಅಷ್ಟು ಜನರ ಮುಂದೆ ಆ ಸುಬೇದಾರನಿಗಾದ್ರೂ ಹೌದು ಅನ್ನೋಕೆ ಆಗ್ತಿತ್ತಾ?"

ಇದನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಅವರ ಲೆಕ್ಕ ಸರಿಯಾಗಿತ್ತು. ತನಗೆ ನಷ್ಟವಾಗುವ ನಿಜಕ್ಕೆ ಸಾಕ್ಷಿ ಬೇಕಾಗಿಲ್ಲ, ಲಾಭವಾಗುವ ನಿಜಕ್ಕೆ ಬೇಕು. ಅವರ ಬಳಿ ಇದ್ದ ಒಂದೇ ಸಾಕ್ಷಿ ಎದುರು ಮನೆಯಲ್ಲಿ ಕೂತಿತ್ತು. ಆ ಸಾಕ್ಷಿಯ ಹಿಂದೆ ಅಳಿಯ ನಿಂತಿದ್ದರು.

ಆದರೆ ಅವರ ಮೌನವನ್ನೆಲ್ಲ ಹೊಗಳಲು ನಾನು ತಯಾರಿಲ್ಲ, ಅವರೂ ತಯಾರಿಲ್ಲ. ಜನವರಿಗಿಂತ ಮೊದಲೇ ಮಾತಾಡಬೇಕಾದ ಗಳಿಗೆ ಎರಡು ಬಂದಿದ್ದವು. 1998ರಲ್ಲಿ ಗಂಡ ತೀರಿಕೊಂಡು ಪೌತಿ ಖಾತೆ ಆದಾಗ, ಅಂದರೆ ಅವರ ಹೆಸರಿನ ಜಮೀನು ವಾರಸುದಾರರ ಹೆಸರಿಗೆ ಬಂದಾಗ. ಆಮೇಲೆ ಮಗ ಆ ಪಟ್ಟಿಯಲ್ಲಿ ಸಿಲ್ವರ್ ಗಿಡ ಇಟ್ಟಾಗ. ಆಗ ಮಗನಿಗೆ ಹೇಳಿದ್ದರೆ ಎರಡು ಮನೆಯವರೂ ನಗುನಗುತ್ತಾ ಪತ್ರ ಮಾಡಿಸಿಕೊಳ್ಳುತ್ತಿದ್ದರು. ಮರ ಸಣ್ಣದಿತ್ತು, ದರ ಕಮ್ಮಿ ಇತ್ತು. ಇದನ್ನು ಅವರಿಗೇ ಹೇಳಿದೆ. ಮೊರ ಕೆಳಗಿಟ್ಟರು.

"ಖಾತೆ ಮಾಡುವಾಗ ನನ್ನ ಯಾರು ಕೇಳಿದ್ರು ಸಾರ್? ಹೆಬ್ಬೆಟ್ಟು ಒತ್ತಿ ಅಂದ್ರು. ಒತ್ತಿದೆ."

ನನ್ನ ಕೆಲಸದ ಮೂವತ್ತು ವರ್ಷದಲ್ಲಿ ಇಂಥ ಹೆಬ್ಬೆಟ್ಟು ಎಷ್ಟು ನೋಡಿದ್ದೇನೋ. ಮಹಜರಿಗೆ ಗಂಡಸರನ್ನು ಕೂರಿಸಿ ಗಡಿ ಕೇಳಿದ್ದೇನೆ. ಒಳಗೆ ಕಾಫಿ ಮಾಡುತ್ತಿದ್ದವರಿಗೆ ಗೊತ್ತಿತ್ತಾ ಅಂತ ಕೇಳಿದ ನೆನಪಿಲ್ಲ. ಸುಮ್ಮನಿರುವುದು ಬೇರೆ, ಸುಮ್ಮನಿರಿಸುವುದು ಬೇರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ.

ಕಲ್ಲಿನ ಹತ್ತಿರ ಮೂವರು

ಅಜ್ಜಿ ತಮ್ಮ ಷರತ್ತು ಹೇಳಿದರು. ಸುಬೇದಾರರು ಒಬ್ಬರೇ ಬರಬೇಕು. ಅಳಿಯ ಬೇಡ, ಮೊಮ್ಮಗ ಬೇಡ, ತನ್ನ ಮಗನೂ ಬೇಡ. "ನೀವು ಬನ್ನಿ, ಬಾಯಿ ಮನೇಲಿಟ್ಟು ಬನ್ನಿ."

ಇಲ್ಲಿ ನನಗೊಂದು ಇಕ್ಕಟ್ಟು ಇತ್ತು. ಅಷ್ಟರಲ್ಲಿ ನಾನು ಹಳೆಯ ನಕ್ಷೆಯ ನಕಲು ತರಿಸಿ ನೋಡಿದ್ದೆ. ಪಟ್ಟಿ ದಾಖಲೆಯಲ್ಲಿ ಮೇಲಿನ ಮನೆಯವರದೇ. ರಸ್ತೆಯ ಜಾಗ ದಾಖಲೆಯಲ್ಲಿ ಕೆಳಗಿನ ಮನೆಯವರದೇ. ಇದನ್ನು ಸುಬೇದಾರರಿಗೆ ಮೊದಲೇ ಹೇಳಲೋ ಬೇಡವೋ? ಹೇಳಿದರೆ ಅಜ್ಜಿಯ ಮಾತಿಗೆ ನಾನು ದಾರಿ ಕಟ್ಟಿದ ಹಾಗೆ. ಹೇಳದಿದ್ದರೆ ಒಬ್ಬರ ಗುಟ್ಟು ಇಟ್ಟುಕೊಂಡು ಇನ್ನೊಬ್ಬರನ್ನು ಕರೆದ ಹಾಗೆ. ಕೊನೆಗೆ ಇಷ್ಟು ಹೇಳಿದೆ: "ನನ್ನ ಹತ್ರ ನಕ್ಷೆ ಇದೆ. ಅಜ್ಜಿ ಹೇಳೋದು ಕೇಳಿದ ಮೇಲೆ ತೋರಿಸ್ತೀನಿ. ಬೇಡ ಅಂದ್ರೆ ಈಗಲೇ ತೋರಿಸ್ತೀನಿ." ಅವರು ಸ್ವಲ್ಪ ಹೊತ್ತು ನೋಡಿ, "ಆಮೇಲೆ" ಅಂದರು. ಈ ಪ್ರಕರಣದಲ್ಲಿ ನಾನು ಸರಿ ಮಾಡಿದ್ದು ಏನಾದರೂ ಇದ್ದರೆ ಇದೊಂದು.

ಏಪ್ರಿಲಿನ ಒಂದು ಬೆಳಿಗ್ಗೆ ಹೋದೆವು. ಅಜ್ಜಿ ಕೋಲೂರಿ ಇಳಿಜಾರು ಹತ್ತಿದರು. ಕಲ್ಲು ದಾಟಲಿಲ್ಲ. ಅದಕ್ಕಿಂತ ಕೆಳಗೆ ಒಂದು ಹಲಸಿನ ಮರದ ಹತ್ತಿರ ನಿಂತರು. ಮರದಿಂದ ನಾಲ್ಕು ಹೆಜ್ಜೆ ಹಾಕಿ ಕೋಲಿನಿಂದ ನೆಲ ಕುಟ್ಟಿದರು. "ಇಲ್ಲಿ."

ಸುಬೇದಾರರೇ ಗುದ್ದಲಿ ಹಿಡಿದರು. ಮೊದಲು ಕಾಫಿ ಎಲೆಯ ದರಗು, ಆಮೇಲೆ ಕಪ್ಪು ಮಣ್ಣು, ಆಮೇಲೆ ಕೆಂಪು ಮಣ್ಣು. ಒಂದಡಿಗೆ ಏನೂ ಇಲ್ಲ. ಅಜ್ಜಿ ಕೂತುಬಿಟ್ಟರು. ಇನ್ನೊಂದು ಅರ್ಧ ಅಡಿ ಹೋದಾಗ ಗುದ್ದಲಿಯ ಸದ್ದು ಬದಲಾಯಿತು. ಸುಬೇದಾರರು ಕೈಹಾಕಿ ತೆಗೆದರು. ಹೆಬ್ಬೆರಳು ಗಾತ್ರದ ಇದ್ದಿಲು. ಕೆಂಪು ಮಣ್ಣಿನ ನಡುವೆ ಬುಟ್ಟಿ ಮಗುಚಿದ ಹಾಗೆ ಒಂದು ಕಪ್ಪು ಗುಪ್ಪೆ. ಒಂದು ತುಂಡು ಮುರಿದರೆ ಒಳಗೆ ಮರದ ನಾರಿನ ಗೆರೆ ಇನ್ನೂ ಕಾಣುತ್ತಿತ್ತು.

ನೋಡಿದಿರಾ ಅಂತ ಹೇಳಲು ನನ್ನ ಬಾಯಿ ತೆರೆದೇಬಿಟ್ಟಿತ್ತು. ಅಜ್ಜಿ ನನ್ನ ಕಡೆ ನೋಡಿದರು. ಮುಚ್ಚಿದೆ.

ಸುಬೇದಾರರು ಆ ತುಂಡನ್ನು ಅಂಗೈಯಲ್ಲಿಟ್ಟು ತಿರುಗಿಸುತ್ತಾ ಬಹಳ ಹೊತ್ತು ಕೂತರು. ಅವರು ಅಲ್ಲಿಗೇ ನಿಲ್ಲಿಸಬಹುದಿತ್ತು. ಇದ್ದಿಲು ಸಿಕ್ಕಿದ್ದು ಪಟ್ಟಿ ತಮ್ಮದು ಅನ್ನುವುದಕ್ಕೆ ಸಾಕ್ಷಿ. ರಸ್ತೆಯ ಕಥೆಗೆ ಇದ್ದಿಲು ಏನೂ ಹೇಳುವುದಿಲ್ಲ. ರಸ್ತೆಯನ್ನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಬಳಸಿದ್ದೇವೆ, ಅದು ನಮ್ಮ ಹಕ್ಕು ಅಂತ ಅನ್ನಬಹುದಿತ್ತು. ಬೇರೆಯವರ ಜಾಗದಲ್ಲಿ ದಾರಿಯಂಥ ಹಕ್ಕುಗಳಿಗೆ ಇರುವ 1882ರ ಅನುಭೋಗ (ಈಸ್ಮೆಂಟ್) ಕಾಯ್ದೆಯಲ್ಲಿ ಆ 20 ವರ್ಷದ ಮಾತಿದೆ. ಆ ಕಾಯ್ದೆ ಶುರುವಿನಲ್ಲೇ ಅನ್ವಯವಾದ ಕೆಲವೇ ಪ್ರಾಂತ್ಯಗಳಲ್ಲಿ ಕೊಡಗೂ ಒಂದು. ವಕೀಲರು ಅದನ್ನು ಅವರಿಗೆ ಹೇಳಿಯೂ ಇದ್ದರಂತೆ.

"ರಸ್ತೆ ಕಡಿಯುವಾಗ ನಾನು ರಜೆ ಮೇಲೆ ಬಂದಿದ್ದೆ, ಚಿಕ್ಕವ್ವ" ಅಂದರು. "ಅಪ್ಪ ಕರ್ಕೊಂಡು ಬಂದು ತೋರಿಸಿದ್ರು. ಇದು ಅವರ ಜಾಗ, ನೆನಪಿಟ್ಕೋ ಅಂದ್ರು. ನನಗೆ ನೆನಪಿತ್ತು."

"ಗೊತ್ತು ಮಗ" ಅಂದರು ಅಜ್ಜಿ. "ನೀನು ಅವತ್ತು ಜಗಲಿ ಕಡೆ ನೋಡ್ಲೇ ಇಲ್ಲ."

ಜನವರಿಯ ಸಭೆಯಲ್ಲಿ ಸುಬೇದಾರರ ಮೌನವನ್ನು ನಾವೆಲ್ಲ ದೊಡ್ಡವರ ಘನತೆ ಅಂದುಕೊಂಡಿದ್ದೆವು. ಅಳಿಯ ಕೂಗಾಡುವಾಗ ಇವರು ಎಷ್ಟು ಗಂಭೀರವಾಗಿದ್ದಾರೆ ಅಂತ ಊರಿನ ಹಿರಿಯರೊಬ್ಬರು ನನ್ನ ಕಿವಿಯಲ್ಲಿ ಹೇಳಿದ್ದರು ಕೂಡ. ಅದು ಅಳುಕು. ಪಟ್ಟಿಯ ಅದಲು-ಬದಲು ಅವರಿಗೆ ಪೂರ್ತಿ ಗೊತ್ತಿರಲಿಲ್ಲವಂತೆ, ಆದರೆ ಊಹೆ ಇತ್ತು. ಬಾಯಿ ಬಿಟ್ಟರೆ ರಸ್ತೆ ಹೋಗುತ್ತದೆ ಅನ್ನುವ ಭಯವೂ ಇತ್ತು. ಅವರೇ ಹೇಳಿಕೊಂಡದ್ದು ಇದು. ಹೇಳಿಕೊಳ್ಳದಿದ್ದರೆ ಇವತ್ತಿಗೂ ಘನತೆ ಅಂತಲೇ ಇರುತ್ತಿತ್ತು.

ಆಮೇಲೆ ನಡೆದದ್ದು

ಉಳಿದದ್ದು ನನ್ನ ಕಸುಬಿನ ಕೆಲಸ, ಬೇಗ ಹೇಳಿಬಿಡುತ್ತೇನೆ. ನೋಟಿಸು ವಾಪಸ್ಸಾಯಿತು. ಬಾಯಿಮಾತಿನ ಅದಲು-ಬದಲು ಜಮೀನಿಗೆ ನಿಲ್ಲುವುದಿಲ್ಲ. ನೋಂದಣಿ ಆಗಲೇಬೇಕು. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೈ ಬದಲಾಗುವುದರಿಂದ 11ಇ ನಕ್ಷೆ, ಅಂದರೆ ಆ ಭಾಗವನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ, ಬೇಕು. ಎರಡೂ ಮನೆಯವರು ಸೇರಿ ಅರ್ಜಿ ಹಾಕಿದರು, ಖರ್ಚು ಸಮಪಾಲು. ಅಳೆದಾಗ ರಸ್ತೆ 12 ಅಡಿ ಅಗಲ, 600 ಅಡಿ ಉದ್ದ, ಹದಿನಾರೂವರೆ ಸೆಂಟು. ಪಟ್ಟಿ 20 ಸೆಂಟು. ಮೂರೂವರೆ ಸೆಂಟು ವ್ಯತ್ಯಾಸ ಬಂತು. ಅಳಿಯ ಅದಕ್ಕೆ ದುಡ್ಡು ಕೇಳಬೇಕು ಅಂದರು. ಸುಬೇದಾರರು, "ಅಪ್ಪ ಅಳೆದು ಕೊಟ್ಟಿರ್ಲಿಲ್ಲ" ಅಂದರು. ಅಷ್ಟೇ. ಮಳೆಗಾಲ ಕಳೆದ ಮೇಲೆ ಪತ್ರ ನೋಂದಣಿ ಆಯಿತು.

ಜಗಳದ ವರ್ಷದ ಮೆಣಸನ್ನು ಮೂರನೆಯವರ ಮನೆಯಲ್ಲಿ ಕೂಡಿಟ್ಟಿದ್ದೆವು. ಒಣಗಿಸಿ ತೂಗಿದಾಗ 31 ಕೆಜಿ. ಪೂರ್ತಿ ಕೆಳಗಿನ ಮನೆಗೆ ಹೋಗಬೇಕಿತ್ತು. ಅಜ್ಜಿ ಅರ್ಧ ಮೇಲಿನ ಮನೆಗೆ ಕಳಿಸಿದರು. ಅದಕ್ಕೆ ಮಗ ಸಿಟ್ಟಾದರು. ತಾಯಿ ಇಷ್ಟು ವರ್ಷ ತನಗೆ ಹೇಳದೆ ಇದ್ದದ್ದಕ್ಕೆ ಅವರಿಗೆ ಮೊದಲೇ ಬೇಸರವಿತ್ತು. ಇಬ್ಬರ ನಡುವೆ ಅದು ಪೂರ್ತಿ ಸರಿಹೋಗಿಲ್ಲ ಅಂತ ನನ್ನ ಅನಿಸಿಕೆ. ಅಳಿಯ ನನ್ನನ್ನು ಕಂಡರೆ ಇವತ್ತಿಗೂ ದಾರಿ ಬದಲಿಸುತ್ತಾರೆ. ಅವರ ಮೇಲೆ ನನಗೆ ಕೋಪವಿಲ್ಲ. ಅವರು ಕೇಳಿದ್ದು ಒಂದು ಪ್ರಶ್ನೆ, ಉತ್ತರ ಕೊಟ್ಟವನು ನಾನು.

ಮೊನ್ನೆ ಶನಿವಾರಸಂತೆ ಕಡೆ ಇನ್ನೊಂದು ಗಡಿಗೆ ಕರೆದಿದ್ದರು. ಕಲ್ಲಿನ ಬುಡಕ್ಕೆ ಹೋಗುವ ಮೊದಲು ಎರಡೂ ಮನೆಯ ಅಡುಗೆಮನೆಗೆ ಹೋದೆ. ಅಲ್ಲಿ ಕೂತು ಕಾಫಿ ಕುಡಿದೆ. ಗಂಡಸರಿಗೆ ಇರುಸುಮುರುಸಾಯಿತು. ಆಗಲಿ.

ಹೊಸ ಕಲ್ಲು ನೆಡುವ ದಿನ ಕೆಳಗಿನ ಮನೆಗೆ ಹೋಗಿದ್ದೆ. ಗುಂಡಿ ತೆಗೆದಾಗಿತ್ತು. ಅಜ್ಜಿಗೆ ಹತ್ತಲು ಆಗಲಿಲ್ಲ, ಜಗಲಿಯಲ್ಲೇ ಕೂತು, "ಇದ್ದಿಲು ಹಾಕಿ" ಅಂತ ಹೇಳಿ ಕಳಿಸಿದರು. ಅಡುಗೆಗೆ ಈಗ ಗ್ಯಾಸು, ಒಲೆಯಲ್ಲಿ ಇದ್ದಿಲೆಲ್ಲಿ? ನಾವು ನಾಲ್ಕು ಜನ ಗುಂಡಿಯ ಸುತ್ತ ನಿಂತಿದ್ದೆವು. ಸ್ವಲ್ಪ ಹೊತ್ತಿಗೆ ಮೊಮ್ಮಗ ಕೆಳಗಿನಿಂದ ಹತ್ತಿ ಬಂದ. ಕೈಯಲ್ಲಿ ಹಳೆಯ ಪೇಂಟ್ ಡಬ್ಬ, ಅದರ ತುಂಬ ಬಚ್ಚಲ ಒಲೆಯ ಇದ್ದಿಲು. ಮಂಡಿಯೂರಿ ಗುಂಡಿಗೆ ಸುರಿದ. ಡಬ್ಬದ ತಳ ತಟ್ಟಿ ಪುಡಿಯನ್ನೂ ಬೀಳಿಸಿದ. ಕಪ್ಪಾದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಯಾರ ಮುಖವನ್ನೂ ನೋಡದೆ ಕಲ್ಲಿನ ಒಂದು ತುದಿ ಹಿಡಿದ. ಸುಬೇದಾರರು ಇನ್ನೊಂದು ತುದಿ ಹಿಡಿದರು.